ಆರು ಲೋಟದ ಶ್ರುತಿ

ಅವತ್ತು ಆ ಪಡಸಾಲೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಕ್ರಾಫ್ಟ್ ಮೇಷ್ಟ್ರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ರುದ್ರಪಟ್ಟಣದಲ್ಲಿ ವೀಣೆ, ತಂಬೂರಿ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ಗೋಡೆಗೆ ಬೆನ್ನು ಕೊಟ್ಟು ಕಾಫಿ ಆರಿಸಿಕೊಳ್ಳುತ್ತಿದ್ದರು. ಅವರನ್ನು ಅರಕಲಗೂಡಿನ ಬಸ್ಸಿನಿಂದ ಇಳಿಸಿಕೊಂಡು ಮನೆತನಕ ಕರೆತಂದವನು ನಾನು. ನಮ್ಮೆಲ್ಲರ ನಡುವೆ, ಹಳೆಯ ಜಮಖಾನದ ಮೇಲೆ, ಮಗುವನ್ನು ಮಲಗಿಸಿದ ಹಾಗೆ ಒಂದು ಗಿಟಾರು ಮಲಗಿತ್ತು.

ಹಿರಿಯರು ಕಾಫಿ ಮುಗಿಸಿ, ಪಂಚೆಯ ಚುಂಗಿಗೆ ಕೈ ಒರೆಸಿಕೊಂಡು ಗಿಟಾರನ್ನು ಎತ್ತಿದರು. ಬಂದೂಕಿನಲ್ಲಿ ಗುರಿ ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆಯ ಉದ್ದಕ್ಕೂ ನೋಡಿದರು. ಹೊಟ್ಟೆ ಸವರಿದರು. ಊದಿಕೊಂಡಿತ್ತು. ತಂತಿಗಳ ಬುಡವನ್ನು ಹಿಡಿದಿಡುವ ಮರದ ಪಟ್ಟಿ, ವೀಣೆಯವರು ಕುದುರೆ ಅನ್ನುತ್ತಾರಲ್ಲ, ಅದು ಹಿಂದುಗಡೆಯಿಂದ ಬಾಯಿ ಬಿಟ್ಟಿತ್ತು.

"ಇದು ಉಳೀಬೇಕು ಅಂದ್ರೆ ತಂತಿ ಇಳಿಸ್ಬೇಕು ಮೇಷ್ಟ್ರೆ," ಅಂದರು. "ತಂತೀನೇ ಇದನ್ನ ಎಳೆದು ಕೊಲ್ತಾ ಇದೆ."

ಮೇಷ್ಟ್ರು ತಲೆ ಎತ್ತಲಿಲ್ಲ. "ತಂತಿ ಮುಟ್ಟೋ ಹಂಗಿಲ್ಲ ಸ್ವಾಮಿ. ಅದು ಮಗಳು ಕಟ್ಟಿರೋ ಶ್ರುತಿ."

ಹಿರಿಯರು ಗಿಟಾರನ್ನು ಮೆಲ್ಲಗೆ ಮತ್ತೆ ಜಮಖಾನದ ಮೇಲೆ ಮಲಗಿಸಿದರು.

ಹೊಳೆನರಸೀಪುರದ ನಮ್ಮ ಶಾಲೆಯಲ್ಲಿ ಮೇಷ್ಟ್ರು ಮರಗೆಲಸ ಕಲಿಸುತ್ತಿದ್ದರು, ನಾನು ವಿಜ್ಞಾನ. ಹಳೇಕೋಟೆ ಕಡೆಯ ಒಕ್ಕಲು ಮನೆತನದವರು. ನೇಗಿಲು ಹಿಡಿಯಬೇಕಾದ ಕೈಗೆ ಉಳಿ ಯಾಕೆ ಬಂತು ಎಂದು ಕೇಳಿದರೆ, "ನಮ್ಮಪ್ಪ ನೇಗಿಲು ಮುರೀತಿದ್ದ, ನಾನು ಸರಿ ಮಾಡ್ತಿದ್ದೆ, ಅಷ್ಟೇ ಕಣಪ್ಪ" ಅನ್ನುತ್ತಿದ್ದರು. ಎಡಗೈ ಹೆಬ್ಬೆರಳ ಉಗುರು ಸುತ್ತಿಗೆ ಏಟು ತಿಂದು ತಿಂದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಿವಿಯ ಮೇಲೆ ಒಂದು ಮೋಟು ಪೆನ್ಸಿಲ್ಲು ಸದಾ. ಪರೀಕ್ಷೆಯ ಕೊಠಡಿಯಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಒಮ್ಮೆ ಪರಿಶೀಲನೆಗೆ ಬಂದ ಅಧಿಕಾರಿ, ಇದೇನ್ರೀ ವೇಷ ಅಂದಾಗ, ಮೇಷ್ಟ್ರು ಆ ಅಧಿಕಾರಿ ಕೂತಿದ್ದ ಕುರ್ಚಿಯನ್ನು ತೋರಿಸಿ, ಎಡಗಾಲು ಸಡಿಲ ಅದೆ ಸಾ, ಊಟದ ಬಿಡುವಲ್ಲಿ ಗುರುತು ಹಾಕಬೇಕು ಅದಕ್ಕೆ, ಅಂದರಂತೆ. ಅಧಿಕಾರಿ ಉಳಿದ ಹೊತ್ತೆಲ್ಲ ನಿಂತೇ ಇದ್ದರು.

ಯಾವ ವಸ್ತು ಕೈಗೆ ಸಿಕ್ಕರೂ ಮೊದಲು ಬೆರಳ ಗೆಣ್ಣಿನಿಂದ ತಟ್ಟುವುದು ಅವರ ಅಭ್ಯಾಸ. ಬಾಗಿಲು, ಮೇಜು, ಹಲಸಿನ ಹಣ್ಣು, ಬಸ್ಸಿನ ಕಂಬಿ, ಏನೇ ಇರಲಿ. "ತಡಿ, ಕೇಳನ" ಅನ್ನುವುದು, ತಟ್ಟುವುದು, ತಲೆ ಓರೆ ಮಾಡುವುದು. ಲೆಕ್ಕದಲ್ಲಿ ಸೊನ್ನೆ ತೆಗೆದುಕೊಂಡು ಅಳುತ್ತಾ ಬಂದ ಹುಡುಗರ ತಲೆಯನ್ನೂ ಹಾಗೇ ಮೆತ್ತಗೆ ತಟ್ಟಿ, "ಒಳಗೆ ಅದೆ ಕಣ್ಲಾ, ಪೊಳ್ಳಲ್ಲ, ಓಗು" ಎಂದು ಕಳಿಸುತ್ತಿದ್ದರು. ಆ ತಟ್ಟುವಿಕೆಗೋಸ್ಕರವೇ ಸುಳ್ಳು ಅಳು ಅಳುತ್ತಿದ್ದವರು ಕೆಲವರಿದ್ದರು.

ಬಾಗೂರಿಗೆ ಚುನಾವಣೆ ಕೆಲಸಕ್ಕೆ ಇಬ್ಬರೂ ಹೋಗಿದ್ದೆವು. ಮತಗಟ್ಟೆಯಾಗಿದ್ದ ಶಾಲೆಯ ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಬೆಳಗ್ಗೆ ನಾವೆಲ್ಲ ಎದ್ದು ನೋಡಿದರೆ ಮೇಷ್ಟ್ರು ಬಾಗಿಲನ್ನೇ ಕಳಚಿ ಅಂಗಳದಲ್ಲಿ ಮಲಗಿಸಿಕೊಂಡು ಹೆರೆಯುತ್ತಿದ್ದಾರೆ. ಪೊಲೀಸಿನವನು ಗಾಬರಿಯಾಗಿ ಬಂದ. ವರ್ಷಾನುಗಟ್ಟಲೆ ಮಕ್ಕಳು ಈ ಬಾಗಿಲು ನೂಕಿ ನೂಕಿ ಒಳಗೆ ಹೋಗ್ತಾವೆ, ಒಂದು ದಿನಕ್ಕೆ ಬಂದೋರು ನಾವು, ಇಷ್ಟಾದ್ರೂ ಮಾಡಿ ಹೋಗನ ಅಂತ ಅವನಿಗೇ ಒಂದು ತುದಿ ಹಿಡಿಸಿದರು. ಮತದಾನ ಶುರುವಾಗುವ ಹೊತ್ತಿಗೆ ಬಾಗಿಲು ಒಂದೇ ಬೆರಳಿಗೆ ತೆರೆದುಕೊಳ್ಳುತ್ತಿತ್ತು.

ಅವರು ನಿವೃತ್ತರಾದ ಮೇಲೆ ಆ ಹುದ್ದೆಗೆ ಇನ್ನೊಬ್ಬರು ಬರಲಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಗೋಡೆ ಗಡಿಯಾರ ಕೊಟ್ಟೆವು. ವೇದಿಕೆಯ ಮೇಲೆಯೇ ಅದನ್ನು ತಿರುಗಿಸಿ ತಟ್ಟಿ ನೋಡಿ ನನ್ನ ಕಿವಿಯಲ್ಲಿ, ಮರ ಅಂತ ಯಾವನೋ ನಿಮಗೆ ಟೋಪಿ ಹಾಕವ್ನೆ, ಪ್ಲಾಸ್ಟಿಕ್ಕು, ಅಂದರು. ಅವರು ಮನೆಗೆ ಒಯ್ದದ್ದು ಶಾಲೆಯವರು ಸೌದೆಗೆಂದು ಎಸೆದಿದ್ದ ಮುರಿದ ಬೆಂಚುಗಳನ್ನು. ಹಲಸಿನ ಹಲಗೆಗಳು, ತಲೆಮಾರುಗಳ ಮಕ್ಕಳು ಕೂತು ನುಣುಪಾದವು. ಹಿತ್ತಲ ಶೆಡ್ಡಿನಲ್ಲಿ ಪೇರಿಸಿಟ್ಟರು.

ಒಬ್ಬಳೇ ಮಗಳು. ನಮ್ಮ ಶಾಲೆಯಲ್ಲೇ ಓದಿದವಳು, ನನ್ನ ತರಗತಿಯಲ್ಲಿ ಮುಂದಿನ ಸಾಲು. ಬಿ.ಎಡ್ ಮಾಡಲು ಹಾಸನಕ್ಕೆ ಹೋದವಳು ಒಂದು ಶನಿವಾರ ಬಸ್ಸಿನಿಂದ ಗಿಟಾರು ಹೆಗಲಿಗೆ ಹಾಕಿಕೊಂಡು ಇಳಿದಳು. ಹಾಸ್ಟೆಲ್ಲಿನ ಹತ್ತಿರ ಸಂಗೀತ ಕಲಿಸುತ್ತಿದ್ದ ಮುದುಕಿಯೊಬ್ಬರು ಮನೆ ಖಾಲಿ ಮಾಡುವಾಗ ಅಗ್ಗಕ್ಕೆ ಕೊಟ್ಟರಂತೆ. ಅವರ ವಯಸ್ಸಿನಷ್ಟೇ ಹಳೆಯದು. ಒಳಗೆ ಅಂಟಿಸಿದ್ದ ಚೀಟಿ ಹರಿದು ಕಲ್ಕತ್ತಾ ಎಂಬ ಒಂದು ಪದ ಉಳಿದಿತ್ತು. ಮೇಷ್ಟ್ರು ತಟ್ಟಿ ನೋಡಿ ನಕ್ಕರು.

"ಟೀ ಪೆಟ್ಟಿಗೆ ಮರ ಕಣವ್ವ ಇದು."

"ಟೀ ಪೆಟ್ಟಿಗೆ ಹಾಡ್ತದೇನಪ್ಪ? ಇದು ಹಾಡ್ತದೆ ನೋಡು," ಅಂದಳು ಅವಳು.

ಅಕ್ಕ ಚನ್ನರಾಯಪಟ್ಟಣದ ಕಡೆಯವರು, ಸೋಬಾನೆ ಪದಕ್ಕೆ ಹೆಸರಾದವರು. ಅವರಿಲ್ಲದೆ ನಮ್ಮ ಸುತ್ತಿನ ಮದುವೆಗಳಲ್ಲಿ ಆರತಿ ಎತ್ತುತ್ತಿರಲಿಲ್ಲ. ಶನಿವಾರ ಸಂಜೆ ಮಗಳು ಅಡುಗೆಮನೆಯ ಹೊಸಿಲ ಮೇಲೆ ಕೂತು ಬಾರಿಸುವುದು, ತಾಯಿ ರೊಟ್ಟಿ ತಟ್ಟುತ್ತಾ ಪದ ಹೇಳುವುದು, ಮೇಷ್ಟ್ರು ಹಿತ್ತಲಲ್ಲಿ ಮರ ಹೆರೆಯುವ ಹತ್ತರಿ ನಿಲ್ಲಿಸಿ ಕೇಳುವುದು. ಸೋಬಾನೆಗೆ ಗಿಟಾರು ಎಂದರೆ ಬೀದಿಯವರು ಮೊದಲು ನಕ್ಕರು. ಆಮೇಲೆ ಅವರವರ ಜಗುಲಿಗೆ ಬಂದು ಕೂರತೊಡಗಿದರು.

ಅಂಥದೊಂದು ಶನಿವಾರ ಬಾರಿಸಿ ಗಿಟಾರನ್ನು ಗೋಡೆಗೆ ತೂಗುಹಾಕಿದಳು. ಸೋಮವಾರ ಜ್ವರ ಬಂತು. ಶುಕ್ರವಾರ ಹಾಸನದ ಆಸ್ಪತ್ರೆಯಿಂದ ಅವಳನ್ನು ಹೊತ್ತು ತಂದ ವ್ಯಾನಿನಲ್ಲಿ ನಾನೂ ಇದ್ದೆ. ಅದನ್ನು ಬರೆಯಲಾರೆ.

ಅಂದಿನಿಂದ ಅಕ್ಕ ಪದ ಹೇಳಲಿಲ್ಲ. ಕರೆಯಲು ಬಂದವರಿಗೆ ಗಂಟಲು ಕಟ್ಟೈತೆ ಅನ್ನುತ್ತಿದ್ದರು. ಎರಡು ವರ್ಷವಾದರೂ ಅದೇ ಮಾತು, ಜನ ಅರ್ಥಮಾಡಿಕೊಂಡು ಕರೆಯುವುದನ್ನು ಬಿಟ್ಟರು. ಮೇಷ್ಟ್ರು ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದರು. ಆದರೆ ಪ್ರತಿ ಭಾನುವಾರ ಗಿಟಾರಿನ ಧೂಳು ಒರೆಸುವಾಗ, ಬಾಯಿ ಬಿಡುತ್ತಿದ್ದ ಕುದುರೆಯ ಸಂದಿಯಲ್ಲಿ ಕಾಗದ ತೂರಿಸಿ ಅಳೆಯುತ್ತಿದ್ದರು. ಮೊದಲು ನೋಟ್‌ಬುಕ್ಕಿನ ಒಂದು ಹಾಳೆ ಹೋಗುತ್ತಿತ್ತು. ಆಮೇಲೆ ಎರಡು. ಆಮೇಲೆ ಒಂದು ಪೋಸ್ಟ್‌ಕಾರ್ಡು. ಪೋಸ್ಟ್‌ಕಾರ್ಡು ಮಡಿಸಿದರೂ ಹೋಗುತ್ತದೆ ಎಂದು ಗೊತ್ತಾದ ದಿನ ನನ್ನ ಮನೆಗೆ ಬಂದರು. ರುದ್ರಪಟ್ಟಣದವರನ್ನು ಕರೆಸಿದ್ದು ಆಗ.

ಸರಿ, ಆ ಪಡಸಾಲೆಗೆ ವಾಪಸು ಬರುತ್ತೇನೆ. ತಂತಿ ಇಳಿಸಿದರೆ ಮಗಳ ಕೈ ಕಟ್ಟಿದ್ದು ಹೋಗುತ್ತದೆ. ಇಳಿಸದಿದ್ದರೆ ಗಿಟಾರೇ ಹೋಗುತ್ತದೆ. ಮೇಷ್ಟ್ರು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಆಗ ನಾನು ಬಾಯಿಬಿಟ್ಟೆ. ಎಂಟನೇ ತರಗತಿಯ ಶಬ್ದದ ಪಾಠದಲ್ಲಿ ಒಂದು ಪ್ರಯೋಗ ಮಾಡಿಸುತ್ತಿದ್ದೆ: ಲೋಟಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ ಚಮಚದಿಂದ ತಟ್ಟುವುದು. ನೀರು ಹೆಚ್ಚಿದಷ್ಟೂ ದನಿ ಇಳಿಯುತ್ತದೆ. ಆರು ತಂತಿಗೆ ಆರು ಲೋಟ ಶ್ರುತಿ ಮಾಡಿ ಇಟ್ಟುಕೊಂಡರೆ, ರಿಪೇರಿ ಮುಗಿದ ಮೇಲೆ ಆ ಲೋಟ ತಟ್ಟಿ ತಂತಿ ಕಟ್ಟಬಹುದಲ್ಲ ಅಂದೆ. ನಮ್ಮ ಮೇಷ್ಟ್ರುಗಳ ಬುದ್ಧಿ ಎಲ್ಲಿಗೆ ಹೋದರೂ ಪಾಠದ ಪುಸ್ತಕಕ್ಕೇ ಬಂದು ನಿಲ್ಲುತ್ತದೆ.

ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಅಕ್ಕನ ಮುಖ. ಅಕ್ಕ ಒಳಗೆ ಹೋಗಿ, ತವರಿನವರು ಮದುವೆಯಲ್ಲಿ ಕೊಟ್ಟಿದ್ದ ಆರು ಕಂಚಿನ ಲೋಟ ತಂದು ಸಾಲಾಗಿ ಇಟ್ಟರು.

ಕಿವಿ ಅಕ್ಕನದು. ಹಿರಿಯರು ಒಂದೊಂದೇ ತಂತಿ ಮೀಟುತ್ತಿದ್ದರು, ಅಕ್ಕ ಕಣ್ಣು ಮುಚ್ಚಿ ಲೋಟ ತಟ್ಟುತ್ತಿದ್ದರು. ಇನ್ನೊಂಚೂರು ಉಯ್ಯಿ, ಒಂಚೂರು ಚೆಲ್ಲಿ ಎಂದು ಅಳತೆ ಮಾಡಿಸಿದರು. ದಪ್ಪ ತಂತಿಗಳ ದನಿ ಲೋಟಕ್ಕೆ ಎಟುಕಲಿಲ್ಲ. ಸ್ಥಾಯಿ ಮೇಲಾದರೇನು, ಸ್ವರ ಅದೇ ಅಲ್ಲವೇ ತಾಯಿ ಅಂತ ಹಿರಿಯರು ಸಮಾಧಾನ ಹೇಳಿದರು. ಮೇಲಿನಿಂದ ಎರಡನೇ ತಂತಿ ಮೀಟಿದಾಗ ಮಾತ್ರ ಅಕ್ಕ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ನೆನಪು ಬಂದಿರಬೇಕು ಅಂದುಕೊಂಡೆ. ಪ್ರತಿ ಲೋಟದ ಒಳಗೂ ನೀರಿನ ಮಟ್ಟಕ್ಕೆ ಮೇಷ್ಟ್ರು ಕಂಪಾಸಿನ ಮುಳ್ಳಿನಿಂದ ಗೀಟು ಎಳೆದರು. ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟರು. ನೀರು ಆರಿಹೋದರೆ ಗೀಟಿನ ತನಕ ಮತ್ತೆ ತುಂಬುವುದು ಅಕ್ಕನ ಪಾಲಿನ ಕೆಲಸವಾಯಿತು.

ಆಮೇಲೆ ಮೇಷ್ಟ್ರು ತಂತಿ ಇಳಿಸಿದರು. ಆರನೆಯದು ಸಡಿಲವಾದಾಗ ಮರ ಕಿರ್ ಎಂದಿತು. ಅವರು ತಟ್ಟಿದರು, ತಲೆ ಓರೆ ಮಾಡಿದರು.

ರಿಪೇರಿ ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವರು ಬದುಕಿದ್ದರು, ಆ ಮಾತನ್ನು ನಾನು ತೂಗಿ ಹೇಳುತ್ತಿದ್ದೇನೆ. ಶೆಡ್ಡಿನ ಬೀಗ ತೆಗೆದರು. ಚಾಕು ಬಿಸಿ ಮಾಡಿ ಕುದುರೆಯ ಕೆಳಗೆ ಇಂಚಿಂಚೇ ತೂರಿಸಿ ಅದನ್ನು ಕಿತ್ತರು. ಊದಿದ ಹೊಟ್ಟೆಗೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಹಾಕಿ, ಮೇಲೆ ರಾಗಿ ಚೀಲ ಇಟ್ಟು ವಾರಗಟ್ಟಲೆ ಕೂರಿಸಿದರು. ಕಲ್ಲು ಯಾಕೆ ಇಡಬಾರದು ಎಂದೆ. ಕಲ್ಲು ತನ್ನ ಆಕಾರ ಬಿಡಲ್ಲ, ರಾಗಿ ಅದರ ಆಕಾರಕ್ಕೆ ಬಗ್ಗುತ್ತೆ ಅಂದರು. ಅಂಟಿಗೆ ಬಡಗಿಗಳ ಹಳೆಯ ಮರವಜ್ರವನ್ನೇ ಕಾಯಿಸಿದರು. ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಹೊಸ ಕುದುರೆಯನ್ನು ಆ ಹಳೆಯ ಬೆಂಚಿನ ಹಲಸಿನ ಹಲಗೆಯಲ್ಲಿ ಕೆತ್ತಿದರು. ಅವಳು ಕೂತಿದ್ದ ಬೆಂಚು ಇದೇನಾ ಎಂದು ಕೇಳಿದ್ದಕ್ಕೆ, "ಯಾವುದು ಅಂತ ಹೆಂಗೆ ಹೇಳ್ಲಿ? ಎಲ್ಲಾದ್ರಲ್ಲೂ ಕೂತಿರ್ತಾಳೆ ಬುಡು," ಅಂದರು.

ಒಳಗಡೆ ಹೊಟ್ಟೆಗೆ ಆಸರೆಯಾಗಿದ್ದ ಎರಡು ಪಟ್ಟಿಗಳು ಬಿಟ್ಟುಕೊಂಡಿದ್ದವು. ಮೇಷ್ಟ್ರ ಕೈ ಆ ದುಂಡನೆಯ ಕಿಂಡಿಯಲ್ಲಿ ತೂರಲಿಲ್ಲ, ನನ್ನದೂ ತೂರಲಿಲ್ಲ. ಅಕ್ಕ ಬಳೆ ಕಳಚಿಟ್ಟು ಬಂದರು. ಮೇಷ್ಟ್ರು ಹೊರಗಿನಿಂದ ತಟ್ಟಿ ತಟ್ಟಿ ದಾರಿ ಹೇಳುವುದು, ಅಕ್ಕನ ಬೆರಳು ಒಳಗೆ ತಡಕಿ ಅಂಟು ಹಚ್ಚುವುದು. ಹಾಗೆ ತಡಕುವಾಗ ಅವರ ಕೈಗೆ ಏನೋ ಸಿಕ್ಕಿತು. ಹೊರಗೆ ತೆಗೆದರು. ತಂತಿ ಮೀಟಲು ಅವಳು ತನ್ನ ಹಳೆಯ ಬಸ್ ಪಾಸು ಕತ್ತರಿಸಿ ಮಾಡಿಕೊಂಡಿದ್ದ ಮೂರು ಮೂಲೆಯ ತುಣುಕು. ಅದರ ಮೇಲೆ 'ಹೊಳೆನ' ಎಂದು ಅರ್ಧ ಊರು ಉಳಿದಿತ್ತು. ಅಕ್ಕ ಅದನ್ನು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡರು. ಆ ದಿನ ಕೆಲಸ ಅಲ್ಲಿಗೇ ನಿಂತಿತು.

ಹೊಸ ತಂತಿಗೆ ಹಾಸನಕ್ಕೆ ಹೋದೆವು. ಅಂಗಡಿಯವರು ಒಳ್ಳೆಯ ಮನುಷ್ಯ. ಮೇಷ್ಟ್ರು ಸಂಭ್ರಮದಿಂದ ಲೋಟಗಳ ಕಥೆ ಹೇಳಿದರು. ಅಂಗಡಿಯವರು ಕೇಳುತ್ತಾ ಕೇಳುತ್ತಾ ಮೆತ್ತಗಾದರು. ಗಿಟಾರಿಗೆ ಎಲ್ಲ ಕಡೆ ಒಂದು ವಾಡಿಕೆಯ ಶ್ರುತಿ ಇರುತ್ತದೆ, ಮುಟ್ಟದೆ ಇಟ್ಟರೂ ತಂತಿ ದಿನದಿನಕ್ಕೆ ಇಳಿಯುತ್ತದೆ, ಎರಡು ವರ್ಷ ಬಿಟ್ಟಿದ್ದು ಯಾವ ಶ್ರುತಿಯೂ ಅಲ್ಲ ಎಂದು ಹೇಳಲೋ ಬೇಡವೋ ಎಂಬಂತೆ ಹೇಳಿದರು. ಮೇಷ್ಟ್ರು ಹೌದಾ ಎಂದು, ತಂತಿಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು.

ವಾಪಸು ಬಸ್ಸಿನಲ್ಲಿ ಮೇಷ್ಟ್ರ ಮುಖ ನೋಡದೆ ಟಿಕೇಟು ಮಡಿಸುತ್ತಾ ಕೂತೆ. ಯಾಕೆಂದರೆ ಲೋಟದ ಉಪಾಯ ಹೇಳಿದ ದಿನವೇ ನನಗದು ಗೊತ್ತಿತ್ತು. ಸೆಳೆತ ಸಡಿಲಿದರೆ ದನಿ ಇಳಿಯುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದವನು. ತಂತಿ ಇಳಿಸಲು ಅವರಿಗೊಂದು ನೆಪ ಬೇಕಿತ್ತು, ಕೊಟ್ಟೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರೇ ತಡೆದರು.

"ನೀವು ಸೈನ್ಸ್ ಮೇಷ್ಟ್ರು, ನಿಮಗೆ ಗೊತ್ತಿರ್ತದೆ. ನಾನು ವಾರಕ್ಕೊಂದ್ಸಾರಿ ಕಾಗದ ತೂರಿಸಿ ನೋಡ್ತಿದ್ದೋನು. ಮರ ಬಾಯಿ ಬಿಟ್ಟಷ್ಟೂ ತಂತಿ ಇಳೀತದೆ, ನಂಗೆ ಗೊತ್ತಾಗದೆ ಇರ್ತದಾ?" ಕಿಟಕಿಯ ಕಂಬಿಯನ್ನು ಒಮ್ಮೆ ತಟ್ಟಿದರು. "ಅವಳಿಗೆ ಹೇಳಬ್ಯಾಡಿ ಕಣಪ್ಪ. ದಿನಾ ನೀರು ತುಂಬ್ತಾಳೆ. ಅವಳಿಗೆ ಅದೊಂದು ಅದೆ."

ಹೇಳಲಿಲ್ಲ. ಗಿಟಾರಿಗೆ ಲೋಟಗಳ ಶ್ರುತಿಯನ್ನೇ ಕಟ್ಟಿದರು. ನೋಡಲು ಹೊಸದರ ಹಾಗಿತ್ತು. ಹೊಟ್ಟೆ ಸಮವಾಗಿತ್ತು, ಹಲಸಿನ ಕುದುರೆ ಜೇನುಬಣ್ಣಕ್ಕೆ ಹೊಳೆಯುತ್ತಿತ್ತು. ಸಂದಿಯಲ್ಲಿ ಒಂದು ಹಾಳೆಯೂ ತೂರುತ್ತಿರಲಿಲ್ಲ. ಬಾರಿಸಿದರೆ ಮಾತ್ರ ಕಿವಿಗೆ ಒಗರು. ದೀಪ ಹಚ್ಚುವ ಹೊತ್ತಿಗೆ ಅಕ್ಕ ಲೋಟ ತಟ್ಟುತ್ತಿದ್ದರು, ಮೇಷ್ಟ್ರು ತಂತಿ ಬಿಗಿಯುವ ಬಿರಟೆ ತಿರುಗಿಸಿ ಆ ಒಗರನ್ನು ಸರಿಯಾಗಿ ಹಾಗೇ ನಿಲ್ಲಿಸುತ್ತಿದ್ದರು. ಸರಿ ಅದೆ ಅಲ್ವಾ ಎಂದು ಮೇಷ್ಟ್ರು ಕೇಳುವರು, ಸರಿಯಾಗೇ ಐತೆ ಎಂದು ಅಕ್ಕ ಹೇಳುವರು. ನಾನಿದ್ದಾಗ ಒಂದೆರಡು ಸಲ ನೋಡಿದೆ. ಆಮೇಲೆ ಆ ಹೊತ್ತಿಗೆ ಹೋಗುವುದನ್ನೇ ಬಿಟ್ಟೆ.

ಹೋದ ಶ್ರಾವಣದಲ್ಲಿ ಒಂದು ಬೆಳಗ್ಗೆ ಮೇಷ್ಟ್ರು ಕಾಫಿ ಕುಡಿದು ಜಗುಲಿಯ ಕಂಬಕ್ಕೆ ಒರಗಿದವರು ಏಳಲಿಲ್ಲ. ಅವರನ್ನು ಎತ್ತುವಾಗ ಕಿವಿಯ ಮೇಲಿನ ಪೆನ್ಸಿಲ್ಲು ಕೆಳಗೆ ಬಿತ್ತು. ಯಾರೋ ಅದನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು. ತಲೆಯ ಮೇಲೆ ಅವರ ಗೆಣ್ಣು ತಗುಲಿಸಿಕೊಂಡಿದ್ದ ಎಷ್ಟೋ ಜನ, ಈಗ ತಲೆ ನರೆತವರು, ಹಳೇಕೋಟೆಯ ಹೊಲದ ತನಕ ನಡೆದು ಬಂದರು.

ತಿಥಿ ಎಲ್ಲ ಕಳೆದು, ಬಂದವರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಹೋದೆ. ಬಿಸಿಲಲ್ಲಿ ಬಂದಿದ್ದೀರಿ ಎಂದು ಅಕ್ಕ ಮಜ್ಜಿಗೆ ತಂದುಕೊಟ್ಟರು. ಲೋಟ ಕೈಗೆ ಬರುತ್ತಲೇ ತೂಕದಲ್ಲೇ ಗೊತ್ತಾಯಿತು, ಕಂಚು. ಎರಡು ಗುಟುಕು ಕುಡಿಯುವಷ್ಟರಲ್ಲಿ ಒಳಗಿನ ಗೀಟು ಕಾಣಿಸಿತು. ಗೂಡಿನ ಕಡೆ ನೋಡಿದೆ. ಖಾಲಿ.

"ಆರನ್ನೂ ತೊಳೆದು ಮಡಗಿದೆ," ಅಂದರು. "ನೀರು ಕರಬೇವಿನ ಗಿಡಕ್ಕೆ ಉಯ್ದೆ."

ಅವರೇ ಮುಂದುವರಿಸಿದರು.

"ಅವಳು ಎಂಗೆ ಶ್ರುತಿ ಮಾಡೋಳು ಅಂತ ನೀವ್ಯಾರೂ ನೋಡಿಲ್ಲ ಮೇಷ್ಟ್ರೆ. ಇವರೂ ಇತ್ತಲಲ್ಲಿ ಇರೋರು. ಅವ್ವ, ಒಂದು ದನಿ ಇಡ್ಕ ಅನ್ನೋಳು. ನಾನು ಸೋಬಾನೆ ದನೀಲಿ ಇಡ್ಕತಿದ್ದೆ. ಆ ಎರಡನೇ ತಂತೀನ ಇಲ್ಲಿಗೆ ಕಟ್ಟೋಳು," ಎಂದು ಗಂಟಲು ಮುಟ್ಟಿಕೊಂಡರು. "ಮಿಕ್ಕವನ್ನೆಲ್ಲ ಅದ್ರಿಂದ ಕಟ್ಕಳೋಳು. ಅವತ್ತು ಆ ತಂತಿ ಮೀಟಿದ್ ತಕ್ಷಣ ಗೊತ್ತಾಯ್ತು, ಇದು ನನ್ನ ದನಿ ಅಲ್ಲ. ಇಳಿದೋಗೈತೆ ಅಂತ."

"ಹೇಳಬಹುದಿತ್ತಲ್ಲ ಅಕ್ಕ."

"ಏಳಿದ್ರೆ, ಅಂಗಾರೆ ನೀನು ದನಿ ಕೊಡು ಅನ್ನೋರು. ನನ್ನ ಕೈಲಾಗ್ತಿರ್ಲಿಲ್ಲ. ಇವರಿಗೆ ಅದೊಂದು ಐತಲ್ಲ, ಇರ್ಲಿ ಅಂತ ದಿನಾ ನೀರು ಉಯ್ದೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬಸ್ಸಿನಲ್ಲಿ ಮೇಷ್ಟ್ರು ಆಡಿದ ಮಾತನ್ನು ಇದ್ದ ಹಾಗೇ ಹೇಳಿದೆ. ಅಕ್ಕ ನನ್ನ ಕೈಯಲ್ಲಿದ್ದ ಲೋಟವನ್ನೇ ನೋಡಿದರು.

"ಅಂಗಾರೆ ಯಾರಿಗೋಸ್ಕರ ಮಡಗಿದ್ವು ಇವನ್ನ," ಅಂದರು. ನನ್ನನ್ನು ಕೇಳಿದ್ದಲ್ಲ.

ಎದ್ದು ಹೋಗಿ ಗೋಡೆಯಿಂದ ಗಿಟಾರು ಇಳಿಸಿ ತಂದು ನನ್ನ ತೊಡೆಯ ಮೇಲಿಟ್ಟರು. ನನಗೆ ಬಾರಿಸಲು ಬರುವುದಿಲ್ಲ ಅಂದೆ. ಬಾರಿಸಬೇಡಿ, ಬಿರಟೆ ತಿರುಗಿಸಿ ಸಾಕು ಅಂದರು. ಹೊಸಿಲ ಮೇಲೆ, ಮಗಳು ಕೂರುತ್ತಿದ್ದ ಕಡೆ ಕೂತರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಮೊದಲ ಸಲ ಬರೀ ಉಸಿರು ಬಂತು. ಎರಡನೆಯ ಸಲ ದನಿ ಬಂತು, ಒಡೆಯಿತು. ಮೂರನೆಯ ಸಲ ಹಿಡಿದರು.

ನಾನು ಮೇಲಿನಿಂದ ಎರಡನೇ ತಂತಿ ಮೀಟುತ್ತಾ ಬಿರಟೆ ತಿರುಗಿಸಿದೆ. ಅಕ್ಕ ದನಿ ಬಿಡದೆ ಕೈಯಲ್ಲೇ ಸನ್ನೆ ಮಾಡಿದರು, ಇನ್ನೂ ಮೇಲೆ, ಇನ್ನೂ ಮೇಲೆ. ತಂತಿ ಬಹಳ ದೂರ ಏರಬೇಕಾಯಿತು. ಒಂದು ಕಡೆ ಎರಡೂ ಒಂದೇ ಆದವು. ಅಕ್ಕ ಕೈ ಇಳಿಸಿದರು.

ಉಳಿದ ಐದು ತಂತಿ ಹಾಗೇ ಇದ್ದವು.

"ಇವತ್ತಿಗೆ ಸಾಕು ಮೇಷ್ಟ್ರೆ," ಎಂದು ಎದ್ದು, ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು.